ವಿಭೂತಿ ಗೆರೆಯ ಡ್ರೈವ್‌ಶಾಫ್ಟ್
ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೋದಲ್ಲಿ ಉಪಗ್ರಹಗಳ ನಕ್ಷೆ ಬರೆಯುವ ರುದ್ರಮುನಿಯವರು ಶನಿವಾರ ಬಂತೆಂದರೆ ಹಳೆಯ ಕಾರಿನ ಚಕ್ರ ತಿರುಗಿಸುವ ಡ್ರೈವ್‌ಶಾಫ್ಟ್ ಬಿಚ್ಚಿಕೊಂಡು ಗರಾಜಿನಲ್ಲಿ ಕೂರುತ್ತಾರೆ. ಮತ್ತೆ ಜೋಡಿಸುವಾಗ ತಪ್ಪಬಾರದೆಂದು ಅದರ ತುದಿಯ ಜಾಯಿಂಟಿನ ಒಂದೊಂದು ಭಾಗಕ್ಕೂ ವಿಭೂತಿ ಗಟ್ಟಿಯಿಂದ ಗೆರೆ ಎಳೆಯುತ್ತಾರೆ; ಆಮೇಲೆ ಅಷ್ಟೇ ಶ್ರದ್ಧೆಯಿಂದ ಗ್ರೀಸಿನ ಜೊತೆಗೆ ಆ ಗೆರೆಗಳನ್ನೂ ತೊಳೆದುಬಿಡುತ್ತಾರೆ. ಬಳಿಕ ಜಾಯಿಂಟಿನೊಳಗಿನ ಉಕ್ಕಿನ ಆರು ಗುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಅಡುಗೆಮನೆಗೆ ಬಂದು, “ಇದು ಹಿಂಗಿತ್ತೋ, ಹಂಗಿತ್ತೋ?” ಎಂದು ಹೆಂಡತಿಯನ್ನು ಕೇಳುತ್ತಾರೆ. “ಮೆಕ್ಯಾನಿಕ್ ಹತ್ರ ಕೊಡಬಾರದೇನ್ರೀ?” ಎಂದರೆ, “ಅವನಿಗೇನು ಗೊತ್ತು” ಎನ್ನುತ್ತಾರೆ. ಹೇಗೋ ಜೋಡಿಸಿದರೆ ಕಾರು ಪ್ರತಿ ತಿರುವಿನಲ್ಲೂ ಕಟಕಟ ಎನ್ನುತ್ತದೆ. ತಲೆ ಕೆರೆದುಕೊಂಡು ಮತ್ತೆ ಬಿಚ್ಚುತ್ತಾರೆ. ಅದು ಸರಿಹೋದ ದಿನ ಮಗಳು ನಿಕಿತಾ ಅದರಲ್ಲೇ ಸ್ಯಾನ್ ಡಿಯಾಗೋದ ಕಾಲೇಜಿಗೆ ಹೊರಡುವವಳಿದ್ದಾಳೆ. ಐದನೆಯ ಶನಿವಾರ ಅವಳೇ ವಿಡಿಯೊ ನೋಡಿ, ಯಾವುದಕ್ಕೆ ಯಾವುದು ಕೂರಬೇಕೆಂದು ಪ್ರತಿ ಭಾಗಕ್ಕೂ ಕೆಂಪು ನೇಲ್ ಪಾಲಿಶ್‌ನಿಂದ ಗೆರೆ ಎಳೆದಿಟ್ಟು, “ನೌ ಇಟ್ಸ್ ಈಸಿ, ಅಪ್ಪಾ” ಎಂದು ಒಳಗೆ ಹೋದಳು. ಗೆರೆಗೆ ಗೆರೆ ಚಾಚೂ ತಪ್ಪದೆ ಕೂಡುತ್ತಿತ್ತು. ರುದ್ರಮುನಿಯವರು ಬಹಳ ಹೊತ್ತು ಅದನ್ನೇ ನೋಡಿದರು. ಕೊನೆಗೆ ಅಡುಗೆಮನೆಗೆ ಬಂದು ಹೆಂಡತಿಯ ಪಕ್ಕ ನಿಂತು ಮೆಲ್ಲಗೆ ಕೇಳಿದರು: “ಈ ನೇಲ್ ಪಾಲಿಶ್ ಯಾವುದರಲ್ಲಿ ಹೋಗುತ್ತೆ?”