ಆರದೆ ಉಳಿದ ಹೆಸರು

ಅಕ್ಕನ ಮದುವೆಯ ಹಿಂದಿನ ಸಂಜೆ ಅರಸೀಕೆರೆಯ ನಮ್ಮ ಮನೆಯ ಟಿವಿಯಲ್ಲಿ ಕಂಡದ್ದನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಮನೆಯವರಿಗೆ ಅದೀಗ ತಮಾಷೆಯ ಕಥೆ. ನೆಂಟರು ಸೇರಿದಾಗ ಯಾರಾದರೂ ಅದನ್ನು ಶುರು ಮಾಡಿದರೆ ನಾನು ಮೆಲ್ಲಗೆ ಎದ್ದು ಕಾಫಿ ಮಾಡಲು ಹೋಗುತ್ತೇನೆ.

ಹೊಸ ಶತಮಾನದ ಮೊದಲ ವರ್ಷಗಳು. ಬಿ.ಎಸ್ಸಿ. ಮುಗಿಸಿದ್ದ ನಾನು ಬಸ್ ನಿಲ್ದಾಣದ ಹತ್ತಿರ ಒಂದು ಕಂಪ್ಯೂಟರ್ ತರಗತಿಯಲ್ಲಿ ಪಾಠ ಹೇಳುತ್ತಿದ್ದೆ. ಅದರ ಮಹಡಿಯಲ್ಲಿ ಕೇಬಲ್ ಟಿವಿ ಆಫೀಸು. ಅಲ್ಲಿಯ ಮಾಲೀಕರನ್ನು ಊರೆಲ್ಲ ಅಣ್ಣ ಎಂದೇ ಕರೆಯುತ್ತಿತ್ತು. ಅವರದೇ ಒಂದು ಚಾನೆಲ್ ಇತ್ತು: ಮಧ್ಯಾಹ್ನ ಸಿನಿಮಾ, ಸಂಜೆ ಊರಿನ ಜಾಹೀರಾತು, ಹುಟ್ಟುಹಬ್ಬ, ಮದುವೆ, ಸಾವು. ಎಲ್ಲವೂ ಒಂದೇ ನೀಲಿ ಹಲಗೆಯ ಮೇಲೆ ಬಿಳಿ ಅಕ್ಷರ.

"ಏನಾದ್ರೂ ಮಿಂಚೋ ಥರ ಮಾಡ್ಕೊಡಮ್ಮ. ಜನ ಚಾನೆಲ್ ತಿರುಗಿಸ್ದೆ ಕೂತ್ಕೋಬೇಕು" ಎಂದರು ಅಣ್ಣ.

ದೀಪಾವಳಿಯಲ್ಲಿ ಸುರುಸುರು ಬತ್ತಿ ಹಿಡಿದು ಕತ್ತಲಲ್ಲಿ ಹೆಸರು ಬರೆಯುತ್ತಿದ್ದೆವಲ್ಲ, ಹಾಗೆ ಪರದೆಯ ಮೇಲೆ ಒಂದು ಬೆಳಕಿನ ಚುಕ್ಕಿ ಓಡಾಡಿ ಕನ್ನಡ ಅಕ್ಷರ ಬರೆಯಬೇಕು, ಬರೆದದ್ದು ಹಿಂದಿನಿಂದ ನಿಧಾನವಾಗಿ ಆರುತ್ತ ಬರಬೇಕು ಎಂದು ನನಗೆ ಹೊಳೆಯಿತು. ಮೊದಲ ಪ್ರಯತ್ನದಲ್ಲಿ ಚಿತ್ರ ಮಿಣಮಿಣ ಎಂದು ಕಣ್ಣು ಚುಚ್ಚಿತು. ಹಳೆಯದನ್ನು ಒರೆಸಿ ಹೊಸದನ್ನು ಬರೆಯುವ ನಡುವಿನ ಖಾಲಿ ಪರದೆಯೂ ನೋಡುವವರಿಗೆ ಕಂಡುಬಿಡುತ್ತಿತ್ತು. ಅದಕ್ಕೆ ಉಪಾಯವೆಂದರೆ, ಕಂಪ್ಯೂಟರಿನ ಮೆಮೊರಿಯಲ್ಲಿ ಕಾಣದ ಇನ್ನೊಂದು ಪರದೆ ಇಟ್ಟುಕೊಂಡು, ಎಲ್ಲವನ್ನೂ ಅಲ್ಲಿ ಬರೆದು ಮುಗಿಸಿ, ಒಟ್ಟಿಗೆ ಹೊರಗೆ ತಂದು ತೋರಿಸುವುದು. ಅಡುಗೆಮನೆಯಲ್ಲೇ ತಟ್ಟೆ ತುಂಬಿಸಿ ತಂದು ನೆಂಟರ ಮುಂದಿಟ್ಟ ಹಾಗೆ. ಬಫರ್ ಎನ್ನುತ್ತಾರೆ ಅದಕ್ಕೆ. ಅದು ಕೂಡಿಬಂದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆರಿಸುವುದು ಇನ್ನೂ ಸುಲಭ ಎಂದುಕೊಂಡೆ. ಪರದೆಯನ್ನು ಪೂರ್ತಿ ಒರೆಸುವ ಬದಲು, ಪ್ರತಿ ಸಲವೂ ಪರದೆಯ ಒಂದೊಂದು ಬಿಂದುವಿನ ಬೆಳಕಿನಿಂದಲೂ ಎಂಟನೇ ಒಂದು ಪಾಲು ಕಳೆಯುತ್ತ ಹೋದರಾಯಿತು. ಓಡುವ ಚುಕ್ಕಿಯ ಹಿಂದಿನ ಬೆಳಕಿನ ಬಾಲ ಎಷ್ಟು ಚೆನ್ನಾಗಿ ಮಾಸುತ್ತಿತ್ತೆಂದರೆ ಅಣ್ಣ ಕುರ್ಚಿಯಿಂದ ಎದ್ದು ನಿಂತರು. ಮದುವೆಗೂ ಅದೇ, ಎಣ್ಣೆ ಗಿರಣಿಯ ಜಾಹೀರಾತಿಗೂ ಅದೇ, ಸಾವಿಗೂ ಅದೇ ಆಯಿತು. ಸಾವಿಗೆ ಚುಕ್ಕಿಯನ್ನು ಸ್ವಲ್ಪ ನಿಧಾನ ಮಾಡಿದ್ದೆ. ಅಷ್ಟು ಮರ್ಯಾದೆ ನನಗೂ ತಿಳಿದಿತ್ತು.

ಅಕ್ಕನಿಗೆ ಹಳೇಬೀಡಿನ ಕಡೆಯ ಗಂಡು ಗೊತ್ತಾಗಿತ್ತು. ಹಿಂದೊಂದು ಸಂಬಂಧ ನಿಶ್ಚಿತಾರ್ಥದ ತನಕ ಬಂದು ಮುರಿದಿದ್ದರಿಂದ, ಅಪ್ಪ ಈ ಸಲ ಜೋರಾಗಿ ಉಸಿರನ್ನೂ ಬಿಡುತ್ತಿರಲಿಲ್ಲ. ಗಂಡಿನ ಕಡೆಯವರು ವರಪೂಜೆಗೆ ಬಂದ ಸಂಜೆ ಹೆಂಗಸರು ನಮ್ಮ ಮನೆಯಲ್ಲಿ ಕಾಫಿಗೆ ಕೂತಿದ್ದರು. ನಾನೇ ಹೋಗಿ ಅವರನ್ನು ಟಿವಿ ಮುಂದಕ್ಕೆ ಕರೆದೆ, ನಾನೇ ಅದನ್ನು ಹಾಕಿದೆ. "ಬನ್ನಿ ಬನ್ನಿ, ನಿಮ್ ಹುಡುಗನ ಹೆಸರು ಬರುತ್ತೆ, ನಾನೇ ಮಾಡಿರೋದು" ಎಂದು ಕೂಗಿ ಹೇಳಿದೆ. ಆ ಕೂಗು ನೆನಪಾದರೆ ಸಾಕು, ನಾಚಿಕೆಯಿಂದ ಹಿಡಿಯಾಗುತ್ತೇನೆ.

ಚುಕ್ಕಿ ಓಡಿತು. ಅಕ್ಕನ ಹೆಸರು ಬಂತು, ಭಾವನ ಹೆಸರು ಬಂತು. ಎರಡರ ಹಿಂದೆಯೂ, ಬೂದಿ ಬಣ್ಣದಲ್ಲಿ, ಓದಲು ಬರುವಷ್ಟು ಸ್ಪಷ್ಟವಾಗಿ, 'ಕಣ್ಣೀರಿನ ಶ್ರದ್ಧಾಂಜಲಿ' ಎಂದಿತ್ತು. ಕೆಳಗೊಬ್ಬ ಗಂಡಸಿನ ಹೆಸರು.

ಭಾವನ ಸೋದರತ್ತೆ ಕಾಫಿ ಲೋಟ ಕೆಳಗಿಟ್ಟರು. "ಇದೇನ್ ಕಣ್ರೀ ಇದು! ನಮ್ ಹುಡುಗನ್ ಹೆಸರಿನ್ ಹಿಂದೆ ಸಾವಿನ್ ಸುದ್ದಿ ಐತಲ್ಲ!"

ಕಾರಣ ನನಗೆ ತಕ್ಷಣ ಹೊಳೆಯಿತು, ಅದೇ ಇನ್ನೂ ಅವಮಾನ. ಕಂಪ್ಯೂಟರ್ ಆ ಲೆಕ್ಕದಲ್ಲಿ ಭಿನ್ನರಾಶಿ ಇಟ್ಟುಕೊಳ್ಳುವುದಿಲ್ಲ. ಸೊನ್ನೆಯಿಂದ ಇನ್ನೂರೈವತ್ತೈದರವರೆಗಿನ ಅಳತೆಯಲ್ಲಿ ಬೆಳಕು ಏಳಕ್ಕೆ ಇಳಿದಾಗ ಅದರ ಎಂಟನೇ ಒಂದು ಪಾಲು ಎಂದರೆ ಸೊನ್ನೆ. ಏಳರಿಂದ ಸೊನ್ನೆ ಕಳೆದರೆ ಮತ್ತೆ ಏಳೇ. ಬರೆದದ್ದು ಮಾಸುತ್ತದೆ, ಆದರೆ ಯಾವತ್ತೂ ಪೂರ್ತಿ ಆರುವುದಿಲ್ಲ. ಅವತ್ತು ಅಕ್ಕನ ಮದುವೆಗೆ ಮುಂಚೆ ಬಂದದ್ದು ಆ ಸಾವಿನ ಸುದ್ದಿಯೊಂದೇ. ಮಹಡಿಯ ಮಾನಿಟರ್ ಹಾಳಾದೀತೆಂದು ಅಣ್ಣ ಅದರ ಬೆಳಕನ್ನು ತೀರಾ ತಗ್ಗಿಸಿ ಇಟ್ಟಿದ್ದರು, ಅಲ್ಲಿ ಏನೂ ಕಾಣುತ್ತಿರಲಿಲ್ಲ. ನಮ್ಮೂರಿನ ಮನೆಗಳಲ್ಲೋ, ಸಂಜೆಯಾದರೆ ವೋಲ್ಟೇಜ್ ಬಿದ್ದು ಚಿತ್ರ ಮಂಕಾಗುತ್ತದೆಂದು ಎಲ್ಲರೂ ಟಿವಿಯ ಬ್ರೈಟ್‌ನೆಸ್ಸನ್ನು ಕೊನೆಯವರೆಗೂ ತಿರುಗಿಸಿಟ್ಟಿರುತ್ತಿದ್ದರು. ಹಾಗಾಗಿ ಸಂಜೆಯೆಲ್ಲ ಮಹಡಿಯಲ್ಲೇ ಇರುತ್ತಿದ್ದ ನನಗೊಬ್ಬಳಿಗೆ ಬಿಟ್ಟು ನನ್ನ ತಪ್ಪು ಊರಿಗೆಲ್ಲ ಕಾಣುತ್ತಿತ್ತು; ಅವರು ಅದನ್ನು ಕೇಬಲ್ಲಿನ ದೋಷವೆಂದುಕೊಂಡಿದ್ದರು.

ಇದನ್ನೆಲ್ಲ ಸೋದರತ್ತೆಗೆ ವಿವರಿಸಲು ಹೋದೆ. ಏಳು, ಎಂಟು, ಸೊನ್ನೆ. ಅವರು ನನ್ನನ್ನು ನೋಡಲೇ ಇಲ್ಲ. ಅಪ್ಪನನ್ನು ಕೇಳಿದರು: "ಸತ್ತೋರು ಯಾರು? ನಿಮ್ಮೋರಾ?"

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: "ಅಯ್ಯೋ, ಯಾರೋ ಏನೋ, ನಮಗೆ ಗೊತ್ತೇ ಇಲ್ಲ ಅತ್ತೆ."

ನಮ್ಮ ಹಿಂದಿನ ಬೀದಿಯವರು ಅವರು. ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಅವರ ಹೆಂಡತಿಯನ್ನು ನಾನು ಲಂಗ ಉಡುವ ವಯಸ್ಸಿನಿಂದಲೂ ಅಕ್ಕ ಎನ್ನುತ್ತಿದ್ದೆ. ಮದುವೆ ಕೆಲಸದ ಗಡಿಬಿಡಿಯಲ್ಲಿ ಆ ಮನೆಗೆ ಹೋಗಿ ಅವರನ್ನು ಒಮ್ಮೆ ಮಾತಾಡಿಸಿಯೂ ಇರಲಿಲ್ಲ.

"ಹೊರಡ್ರೇ" ಎಂದು ಸೋದರತ್ತೆ ಸೆರಗು ಕೊಡವಿ ಎದ್ದರು. ಮದುಮಗಳು ನಮ್ಮಕ್ಕ ರೂಮಿನ ಬಾಗಿಲಲ್ಲಿ ಅರ್ಧ ಜಡೆ ಹೆಣೆಸಿಕೊಂಡು ನಿಂತಿದ್ದಳು. ನನ್ನನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಹೆಣೆದಿದ್ದ ಜಡೆಯನ್ನು ಬಿಚ್ಚತೊಡಗಿದಳು.

"ಒಂದ್ ಹತ್ ನಿಮಿಷ ಕೂತ್ಕೊಳಿ, ಟಿವಿ ನೋಡ್ತಿರಿ" ಎಂದು ಕೈಮುಗಿದು ಚಪ್ಪಲಿ ಇಲ್ಲದೆ ಓಡಿದೆ. ಮಹಡಿ ಹತ್ತಿ, ಪರದೆಯನ್ನು ಪೂರ್ತಿ ಒರೆಸಿ, ಮುಂಚೆ ಬಂದದ್ದು ಏನೇ ಇದ್ದರೂ ಹಿಂದೆ ಉಳಿಯುತ್ತದೆಂದು ಅವರ ಕಣ್ಣಿಗೇ ಕಾಣಲಿ ಎಂದು, ಮೊದಲು ಎಣ್ಣೆ ಗಿರಣಿಯ ಜಾಹೀರಾತು, ಅದರ ಬೆನ್ನಿಗೇ ಅಕ್ಕನ ಮದುವೆ ಬರುವಂತೆ ಹಾಕಿದೆ. ಮನೆಯಲ್ಲಿ ಭಾವನ ಹೆಸರಿನ ಹಿಂದೆ 'ಶುದ್ಧ ಗಾಣದ ಎಣ್ಣೆ, ಹಿಂಡಿಯೂ ದೊರೆಯುತ್ತದೆ' ಎಂದು ಬಂತಂತೆ. ಮೊದಲು ನಕ್ಕವರು ಸೋದರತ್ತೆಯೇ ಅಂತೆ. "ಹಿಂಡಿ ಆದ್ರೆ ಪರ್ವಾಗಿಲ್ಲ ಬಿಡಿ, ನಮ್ ಹುಡುಗ ಹಿಂಡಿ ತಿಂದ್ ಹೋರಿ ಥರಾನೇ ಅವ್ನೆ" ಅಂದರಂತೆ. ಮದುವೆ ನಡೆಯಿತು. ಊಟದ ಪಂಕ್ತಿಯಲ್ಲಿ ನನ್ನನ್ನು ಕಂಡವರೆಲ್ಲ ಎಣ್ಣೆ ಬೇಕಾ, ಹಿಂಡಿ ಬೇಕಾ ಎಂದು ರೇಗಿಸಿದರು. ತಲೆ ತಗ್ಗಿಸಿಕೊಂಡೇ ಬಡಿಸಿದೆ.

ಅಕ್ಕ ಗಂಡನ ಮನೆಗೆ ಹೋದ ಮೇಲೆ ಮೊದಲು ಮಾಡಿದ ಕೆಲಸ ಪ್ರೋಗ್ರಾಂ ತಿದ್ದಿದ್ದು. ಒಂದೇ ಸಾಲು ಸಾಕಾಯಿತು: ಬೆಳಕು ಎಂಟಕ್ಕಿಂತ ಕಡಿಮೆಯಾದರೆ ಸೊನ್ನೆ ಮಾಡು. ನನ್ನ ತಿದ್ದುಪಡಿ ನೋಡಿಯೇ ತೀರಬೇಕೆಂದು ಟಿವಿ ಇರುವ ಇನ್ನೊಬ್ಬರ ಮನೆಗೂ ಹೋಗಿ ಬಂದೆ. ಒಂದಿಷ್ಟೂ ಕಲೆ ಉಳಿಯುತ್ತಿರಲಿಲ್ಲ.

ಅದಾದ ಒಂದೆರಡು ದಿನಕ್ಕೆ ಹಿಂದಿನ ಬೀದಿಯ ಅಕ್ಕ ನಮ್ಮ ತರಗತಿಯ ಬಾಗಿಲಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತರು. ಬೈಯಲಿಕ್ಕೇ ಬಂದಿದ್ದಾರೆ, ಬೈಯಲಿ ಎಂದುಕೊಂಡು ಎದುರು ಹೋದೆ.

"ಅವತ್ತು ಟಿವಿಲಿ ನಮ್ಮನೆಯವ್ರ ಹೆಸರು ಆರ್ಲೇ ಇಲ್ಲ ಕಣೇ" ಎಂದರು. "ನಿಮ್ಮಕ್ಕನ್ ಹೆಸರು ಬಂದ್ರೂ ಹಿಂದೆ ಹಂಗೇ ಇತ್ತು. ನೀನೇ ಬಿಟ್ಟಿದ್ದೀಯ ಅಂದ್ಕೊಂಡೆ. ಮಿಕ್ಕೋರೆಲ್ಲ ಅವ್ರ ಹೆಸರೇ ಎತ್ತಲ್ಲ, ನಾನು ಅಳ್ತೀನಿ ಅಂತ." ಆಮೇಲೆ ಕೇಳಿದರು: "ಇನ್ನೊಂದ್ಸಲ ಹಂಗೇ ಹಾಕ್ತೀಯಾ? ಮುಂದೆ ಯಾರ್ ಹೆಸರಾದ್ರೂ ಇರ್ಲಿ. ಹಿಂದೆ ಇದ್ರೆ ಸಾಕು."

ಹಾಕಬಹುದಿತ್ತು. ಆ ಒಂದು ಸಾಲು ತೆಗೆದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಲ್ಲಿ ಬಂದದ್ದು ಬೇರೆ: "ಅದು ತಪ್ಪಾಗಿತ್ತು ಅಕ್ಕ. ಸರಿ ಮಾಡ್ಬಿಟ್ಟಿದ್ದೀನಿ. ಇನ್ಮೇಲೆ ಹಂಗೆ ಬರಲ್ಲ."

ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. "ಹೌದಾ? ಒಳ್ಳೇದಾಯ್ತು ಬಿಡು" ಎಂದರು. "ಪಾಪ, ಮದ್ವೆ ಮನೇಲಿ ನಿನ್ನ ಎಷ್ಟ್ ಬೈದ್ರೋ ಏನೋ."