ರೇಣುಕಾ ಮಾಡಿದ ನನ್ನ ಇಂಟರ್‌ವ್ಯೂ

ಕಳೆದ ತಿಂಗಳು ನಾನೊಂದು ಇಂಟರ್‌ವ್ಯೂನಲ್ಲಿ ಫೇಲಾದೆ. ಐವತ್ತೆರಡನೇ ವಯಸ್ಸಿನಲ್ಲಿ, ನನ್ನದೇ ಕ್ಲಾಸಿನಲ್ಲಿ, ನನ್ನದೇ ವಿದ್ಯಾರ್ಥಿನಿಯ ಕೈಯಲ್ಲಿ!

ತೆಲುಗು ಸೀಮೆಯ ಅಮೀರ್‌ಪೇಟೆಯ ಒಂದು ಕೋಚಿಂಗ್ ಸೆಂಟರಿನಲ್ಲಿ ಸಾಫ್ಟ್‌ವೇರ್ ಹುಡುಗ ಹುಡುಗಿಯರಿಗೆ ಇಂಟರ್‌ವ್ಯೂ ಎದುರಿಸುವುದನ್ನು ಕಲಿಸುತ್ತೇನೆ. (ಅದಕ್ಕೆ ಮೊದಲು ನಾನು ಎದುರಿಸಿದ್ದು ಒಂದೇ ಇಂಟರ್‌ವ್ಯೂ. ಅದೂ ಗಂಡಿನ ಕಡೆಯವರದ್ದು.)

ರೇಣುಕಾ ಸಿಂಧನೂರಿನವಳು. ಎಂಜಿನಿಯರಿಂಗ್ ಮುಗಿಸಿ ಇಲ್ಲಿನ ಹಾಸ್ಟೆಲಿನಲ್ಲಿದ್ದಳು. ಏಳು ಕಂಪನಿಗಳು ಬೇಡವೆಂದಿದ್ದವು. ಏಳನೆಯದಾದ ಮೇಲೆ, ‘ನಿಮ್ಮ ಬಗ್ಗೆ ಹೇಳಿ’ ಎಂದರೆ ಸಾಕು, ಕಣ್ಣಲ್ಲಿ ನೀರು. ನಾನು ಆತ್ಮವಿಶ್ವಾಸದ ಮೇಲೆ ಭಾಷಣ ಬಿಗಿದೆ. ಅವಳು ನೋಟ್ಸ್ ಬರೆದುಕೊಂಡಳು. ಬರೆಯುತ್ತಲೇ ಅತ್ತಳು.

‘ಊರಿಗೆ ಹೋಗ್ತೀನ್ರಿ ಮೇಡಮ್. ನನ್ನ ಬಗ್ಗೆ ಹೇಳಾಕ ಏನೂ ಉಳದಿಲ್ರಿ.’

ಇನ್ನೊಂದು ಭಾಷಣಕ್ಕೆ ನನ್ನಲ್ಲೂ ಸರಕಿರಲಿಲ್ಲ. ಎದ್ದು ನನ್ನ ಕುರ್ಚಿ ಬಿಟ್ಟುಕೊಟ್ಟೆ. ಇವತ್ತು ನೀನೇ ನನ್ನ ಇಂಟರ್‌ವ್ಯೂ ಮಾಡು, ನಿನ್ನನ್ನು ಎಲ್ಲರಿಗಿಂತ ಹೆಚ್ಚು ಹೆದರಿಸಿದವನ ಹಾಗೆಯೇ ಮಾಡು ಎಂದೆ.

ಅವಳು ಕುರ್ಚಿಗೆ ಒರಗಿ, ನನ್ನ ಬಯೋಡೇಟಾವನ್ನು ತಲೆಕೆಳಗಾಗಿ ಹಿಡಿದು, ಉದ್ದಕ್ಕೆ ಆಕಳಿಸಿದಳು. ಕ್ಲಾಸು ಕಿಸಕ್ಕೆಂದಿತು. ಆ ಮನುಷ್ಯ ಎಲ್ಲರಿಗೂ ಗೊತ್ತು. ಪ್ರತಿ ಕಂಪನಿಯಲ್ಲೂ ಒಬ್ಬನಿರುತ್ತಾನೆ.

ಪಾಲಿಮಾರ್ಫಿಸಂ ಎಂದರೇನು ಎಂದು ಕೇಳಿದಳು. ನನಗೇನು ಗೊತ್ತು? ಒಂದೇ ವಸ್ತು ರೂಪ ಬದಲಿಸುವುದಿರಬೇಕು ಎಂದು ಊಹಿಸಿ ನಮ್ಮನೆಯ ಉಪ್ಪಿಟ್ಟಿನ ಉದಾಹರಣೆ ಕೊಟ್ಟೆ. ಬೆಳಿಗ್ಗೆ ಉಪ್ಪಿಟ್ಟು, ಸಂಜೆ ಕರಿದರೆ ಕಟ್ಲೆಟ್.

‘ತಪ್ಪೈತ್ರಿ,’ ಎಂದಳು. ‘ಒಗ್ಗರಣಿ ಹಾಕು ಅನ್ನೋ ಆರ್ಡರ್ ಒಂದ. ಆದ್ರ ಸಾರಿಗೆ ಹಾಕೋದು ಒಂಥರಾ, ಮಂಡಕ್ಕಿಗೆ ಹಾಕೋದು ಇನ್ನೊಂಥರಾ. ಆರ್ಡರ್ ಒಂದ, ಕೆಲಸ ಬ್ಯಾರೆ. ಅದ ಪಾಲಿಮಾರ್ಫಿಸಂ.’

ಅದನ್ನೇ ಇಂಗ್ಲಿಷಿನಲ್ಲಿ ವಿವರಿಸಿದಳು. ಬೋರ್ಡಿನ ಮೇಲೆ ಕೋಡ್ ಬರೆದು ತೋರಿಸಿದಳು. ಕೊನೆಗೆ ನನ್ನ ಕಡೆ ತಿರುಗಿ, ನಿಮ್ಮ ಬಗ್ಗೆ ಹೇಳಿ ಎಂದಳು.

ಬಾಯಿ ತೆರೆದೆ. ಬಾಲಾನಗರದ ಕಾರ್ಖಾನೆಯ ಎಂಜಿನಿಯರರ ಹೆಂಡತಿ, ಇಬ್ಬರು ಮಕ್ಕಳ ತಾಯಿ... ಮುಂದೆ? ವರ್ಷವಿಡೀ ಎಲ್ಲರನ್ನೂ ಕೇಳಿದ ಪ್ರಶ್ನೆ ಎಷ್ಟು ಕೆಟ್ಟದ್ದೆಂದು ಅವತ್ತೇ ತಿಳಿದದ್ದು. ರಿಜೆಕ್ಟ್ ಎಂದಳು ರೇಣುಕಾ. ಮೊದಲು ನಕ್ಕವಳೂ ಅವಳೇ.

ಎಂಟನೇ ಕಂಪನಿಯೂ ಬೇಡವೆಂದಿತು. ಈ ಸಲ ಅವಳು ಹಾಸ್ಟೆಲಿಗೆ ಹೋಗಿ ಮುಸುಕು ಹಾಕಿಕೊಳ್ಳಲಿಲ್ಲ. ನೇರ ಕ್ಲಾಸಿಗೆ ಬಂದು ಇಡೀ ಇಂಟರ್‌ವ್ಯೂ ಆಡಿ ತೋರಿಸಿದಳು, ಆಕಳಿಕೆ ಸಮೇತ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ತಪ್ಪಿದ ಎರಡು ಪ್ರಶ್ನೆಗಳನ್ನು ಎಲ್ಲರೂ ಬರೆದುಕೊಂಡರು. ಊರಿಗೆ ಹೋಗುವ ಮಾತೇ ಬರಲಿಲ್ಲ.

ಒಂಬತ್ತನೆಯದು ಕೊಂಡಾಪುರದಲ್ಲಿ. ಅಲ್ಲಿನವರೂ ಆಕಳಿಸಿದರಂತೆ. ನಗು ತಡೆದುಕೊಳ್ಳುವ ಅವಸರದಲ್ಲಿ ಹೆದರುವುದು ಮರೆತೇಹೋಯಿತಂತೆ. ಈ ಸೋಮವಾರ ಕೆಲಸಕ್ಕೆ ಸೇರಿದಳು.

ನಗಿಸಿ ಪಾಠ ಹೇಳಿಕೊಟ್ಟೆ ಎಂದು ನಾನು ಬೀಗುವಂತಿಲ್ಲ. ಪಾಠ ಅವಳ ತಲೆಯಲ್ಲೇ ಇತ್ತು. ಭಯ ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿತ್ತು. ಮಿಮಿಕ್ರಿ ಮಾಡಿದ ಕೂಡಲೇ ಅದಕ್ಕೆ ಅವಮಾನವಾಗಿರಬೇಕು, ಎದ್ದು ಹೋಯಿತು.

ನಮ್ಮ ಡೈರೆಕ್ಟರ್ ಸಾಹೇಬರು, ನಗು ಕೇಳಿದಾಗಲೆಲ್ಲ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ಗದರುತ್ತಿದ್ದವರು, ಈಗ ಸರ್ಕ್ಯುಲರ್ ಹೊರಡಿಸಿದ್ದಾರೆ. ದಿನವೂ ನಾಲ್ಕರಿಂದ ನಾಲ್ಕೂವರೆ ಲಾಫ್ಟರ್ ಸೆಷನ್. ಕಡ್ಡಾಯ. ಅಟೆಂಡೆನ್ಸ್ ಇರುತ್ತದೆ. ನಗದವರ ಮನೆಗೆ ಫೋನ್ ಹೋಗುತ್ತದೆ.

ಅದನ್ನು ಓದಿ ನಾವು ಅರ್ಧ ಗಂಟೆ ನಕ್ಕೆವು. ಅದಕ್ಕೆ ಅಟೆಂಡೆನ್ಸ್ ಸಿಗುತ್ತದೋ ಇಲ್ಲವೋ?