ಮಗ್ಗದ ಮುಂದೆ ನನ್ನ ಸಂಭಾಷಣೆ

ಧಾರಾವಾಹಿಗೆ ಸಂಭಾಷಣೆ ಬರೆಯುವುದು ನನ್ನ ಕೆಲಸ. ನೋಡುವವರು ಕಡಿಮೆಯಾದರು, ನಿಲ್ಲಿಸಿಬಿಡುತ್ತೇವೆ ಎಂದು ಚಾನೆಲ್‌ನವರು ಹೆದರಿಸುತ್ತಿದ್ದ ದಿನಗಳವು. ಸೀರೆ ಕೊಳ್ಳಲು ಬನಹಟ್ಟಿಯ ನೇಕಾರರ ಮನೆಯೊಂದಕ್ಕೆ ಹೋದೆ. ಮನೆಯಾಕೆ ಧಡಧಡ ಸದ್ದಿನ ಮಗ್ಗ ನಡೆಸುತ್ತಲೇ ಟಿವಿಯಲ್ಲಿ ನಮ್ಮ ಧಾರಾವಾಹಿಯನ್ನೇ ನೋಡುತ್ತಿದ್ದರು. ಒಂದು ಮಾತೂ ಕೇಳಿಸುತ್ತಿರಲಿಲ್ಲ.

"ಕಥೆ ಹೇಗೆ ತಿಳಿಯುತ್ತೆ ಅಕ್ಕಾ?" ಎಂದು ಕೂಗಿ ಕೇಳಿದೆ.

"ತಿಳಿತೈತ್ರಿ. ಅತ್ತಿ ಕಣ್ಣ ಕೆಕ್ಕರಿಸಿದ್ಲಂದ್ರ ಬೈಯಾಕತ್ತಾಳ ಅಂತ."

ಒಂದು ನಿಮಿಷ ಮಗ್ಗ ನಿಲ್ಲಿಸಿ ಎಂದೆ. ನಿಲ್ಲಿಸಿ, ನಾನು ಬರೆದದ್ದನ್ನು ಗಮನವಿಟ್ಟು ಕೇಳಿದರು. ಆಮೇಲೆ ಮತ್ತೆ ಮಗ್ಗ ಶುರು ಮಾಡುತ್ತಾ, "ಮೊದಲ ಛಲೋ ಇತ್ರಿ" ಅಂದರು.

ಸಂಜೆ ನಿರ್ಮಾಪಕರು ಫೋನ್ ಮಾಡಿದರು. ಖರ್ಚು ಇಳಿಸಬೇಕು, ಎಲ್ಲಿ ಕತ್ತರಿ ಹಾಕೋಣ ಎಂದು ಕೇಳಿದರು.

ಸೆಟ್‌ನ ಊಟಕ್ಕೆ ಎರಡು ಪಲ್ಯ ಯಾಕೆ ಸರ್, ಒಂದು ಸಾಕು ಎಂದೆ. ಬನಹಟ್ಟಿಯ ಸುದ್ದಿ ಎತ್ತಲಿಲ್ಲ.